ಕನಸಿನ ಕುರ್ಚಿಗೆ ಎಷ್ಟು ಮೆಟ್ಟಿಲು? ಸಾವನೇರಿನ ಗಣಿ ಕಲಿಸುವ ಲೆಕ್ಕ



ಪರೀಕ್ಷೆಯ ಫಲಿತಾಂಶ ಬರುವ ದಿನಗಳಲ್ಲಿ ನಮ್ಮ ಕನ್ನಡ ಕಾರ್ಯಕ್ರಮದ ಫೋನ್-ಇನ್‌ಗೆ ಬರುವ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ. "ಪೈಲಟ್ ಆಗಬೇಕು, ಏನು ಓದಲಿ?" "ಮಗಳಿಗೆ ಇಂಜಿನಿಯರ್ ಆಗುವ ಆಸೆ, ಯಾವ ಕೋರ್ಸ್ ಒಳ್ಳೆಯದು?" "ನಾನೂ ನಿಮ್ಮ ಹಾಗೆ ಮೈಕ್ ಮುಂದೆ ಕೂರಬೇಕು, ಏನು ಮಾಡಲಿ?"

ಏನು ಓದಬೇಕು ಎಂದು ಕೇಳುವುದು ತಪ್ಪಲ್ಲ. ಆದರೆ ಅದು ಅರ್ಧ ಪ್ರಶ್ನೆ. ಓದು ಮುಗಿದ ದಿನಕ್ಕೂ ಆಸೆಪಟ್ಟ ಕೆಲಸ ಕೈಗೆ ಬರುವ ದಿನಕ್ಕೂ ನಡುವೆ ಎಂಟು, ಹತ್ತು, ಕೆಲವೊಮ್ಮೆ ಹದಿನೈದು ವರ್ಷ ಇರುತ್ತದೆ. ಆ ವರ್ಷಗಳಲ್ಲಿ ನೀವು ಎಲ್ಲಿರುತ್ತೀರಿ? ಮನೆಗೆ ಏನು ತರುತ್ತೀರಿ? ಮೇಲಿನ ಮೆಟ್ಟಿಲಿಗೆ ಏರಲು ಯಾವ ಕಾಗದ ಬೇಕು? ಉಳಿದ ಅರ್ಧ ಪ್ರಶ್ನೆ ಇದು. ಇದನ್ನು ಯಾರೂ ಕೇಳುವುದಿಲ್ಲ, ಆದ್ದರಿಂದ ಯಾರೂ ಹೇಳುವುದೂ ಇಲ್ಲ.

ಈ ಸಲ ಅದಕ್ಕೆ ಉತ್ತರ ಹುಡುಕಲು ನಿಮ್ಮನ್ನು ಸ್ವಲ್ಪ ದೂರದ ಊರಿಗೆ ಕರೆದುಕೊಂಡು ಹೋಗುತ್ತೇವೆ. ಗಣಿ ಸೇರಿ ಎಂದು ಹೇಳುವ ಉದ್ದೇಶ ನಮಗಿಲ್ಲ. ಬೇರೆ ಎಷ್ಟೋ ಕೆಲಸಗಳಲ್ಲಿ ಮೆಟ್ಟಿಲುಗಳು ಕಣ್ಣಿಗೆ ಕಾಣುವುದಿಲ್ಲ. ಕಲ್ಲಿದ್ದಲು ಗಣಿಯಲ್ಲಿ ಒಂದೊಂದು ಮೆಟ್ಟಿಲನ್ನೂ ಕಾನೂನೇ ಬರೆದು ಇಟ್ಟಿದೆ. ಅದನ್ನು ನೋಡಿದರೆ ನಿಮ್ಮ ಮೆಟ್ಟಿಲುಗಳನ್ನು ಎಣಿಸುವುದು ಸುಲಭವಾಗುತ್ತದೆ.

ಅಲ್ಲೊಂದು ಕೋಲಾರ್

ಮಹಾರಾಷ್ಟ್ರದ ನಾಗಪುರದಿಂದ ಛಿಂದ್ವಾಡಾ ರಸ್ತೆ ಹಿಡಿದು ಹೊರಟರೆ ಸುಮಾರು ಒಂದು ಗಂಟೆಯ ದಾರಿಯಲ್ಲಿ ಸಾವನೇರ್ ಸಿಗುತ್ತದೆ. ತಾಲ್ಲೂಕು ಕೇಂದ್ರ. ಸುತ್ತಮುತ್ತ ಕಿತ್ತಳೆ ತೋಟಗಳು, ಹತ್ತಿಯ ಹೊಲಗಳು. ಊರಿನ ನಡುವೆ ಹರಿಯುವ ನದಿಯ ಹೆಸರು ಕೇಳಿದರೆ ಕನ್ನಡಿಗರ ಕಿವಿ ನೆಟ್ಟಗಾಗುತ್ತದೆ. ಅದರ ಹೆಸರು ಕೋಲಾರ್! ನಮ್ಮ ಚಿನ್ನದ ಕೋಲಾರಕ್ಕೂ ಅದಕ್ಕೂ ಸಂಬಂಧವಿಲ್ಲ, ಆದರೆ ಎರಡೂ ಕಡೆ ನೆಲದ ಕೆಳಗಿಳಿದು ದುಡಿಯುವ ಜನರಿದ್ದರು ಎಂಬುದು ನಿಜ. ನಮ್ಮ ಕೋಲಾರದ ಮಾತು ಮುಂದೆ ಬರುತ್ತದೆ, ನೆನಪಿಟ್ಟುಕೊಳ್ಳಿ.

ಸಾವನೇರಿನ ಭೂಗತ ಕಲ್ಲಿದ್ದಲು ಗಣಿಗಳು ವೆಸ್ಟರ್ನ್ ಕೋಲ್‌ಫೀಲ್ಡ್ಸ್ ಸಂಸ್ಥೆಯವು. ಇದು ಕೋಲ್ ಇಂಡಿಯಾದ ಅಂಗಸಂಸ್ಥೆ, 1975ರಲ್ಲಿ ಹುಟ್ಟಿತು, ಮುಖ್ಯ ಕಚೇರಿ ನಾಗಪುರದಲ್ಲಿದೆ. ಸಾವನೇರಿನಲ್ಲಿ ಗಣಿಯ ಜಾಗದಲ್ಲೇ ಒಂದು ಉದ್ಯಾನ ಮಾಡಿ, ಗಣಿ ಪ್ರವಾಸೋದ್ಯಮವನ್ನೂ ಶುರು ಮಾಡಿದ್ದಾರೆ. ನಾಗಪುರಕ್ಕೆ ಹೋದವರು ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಬಹುದು.

ಕುರ್ಚಿಯಿಂದ ಕೆಳಗೆ ಎಣಿಸಿ

ಈಗ ಒಬ್ಬ ಹುಡುಗನನ್ನು ಊಹಿಸಿಕೊಳ್ಳಿ. ಹತ್ತನೇ ತರಗತಿ ಪಾಸಾಗಿದ್ದಾನೆ. ಅಪ್ಪ ಗಣಿಯಲ್ಲಿ ಕೂಲಿ. ಹುಡುಗನ ಆಸೆ ಒಂದೇ: ಮುಂದೊಂದು ದಿನ ಅದೇ ಗಣಿಯ ಮ್ಯಾನೇಜರ್ ಕುರ್ಚಿಯಲ್ಲಿ ಕೂರಬೇಕು. ಇದು ಹಗಲುಗನಸೇ, ಯೋಜನೆಯೇ? ಎರಡರ ವ್ಯತ್ಯಾಸ ಎಣಿಕೆಯಲ್ಲಿದೆ. ಕುರ್ಚಿಯಿಂದ ಶುರು ಮಾಡಿ ಕೆಳಕ್ಕೆ ಎಣಿಸೋಣ.

ದೊಡ್ಡ ಗಣಿಯ ಮ್ಯಾನೇಜರ್ ಆಗಲು ಫಸ್ಟ್ ಕ್ಲಾಸ್ ಮ್ಯಾನೇಜರ್ ಸರ್ಟಿಫಿಕೇಟ್ ಬೇಕು. ಇದು ಕಾಲೇಜಿನ ಪದವಿಯಲ್ಲ, ಸಾಮರ್ಥ್ಯದ ಪ್ರಮಾಣಪತ್ರ. ಕೊಡುವವರು ಧನಬಾದ್‌ನಲ್ಲಿ ಮುಖ್ಯ ಕಚೇರಿ ಇರುವ ಗಣಿ ಸುರಕ್ಷತಾ ಮಹಾನಿರ್ದೇಶನಾಲಯ, ಎಲ್ಲರ ಬಾಯಲ್ಲಿ ಡಿಜಿಎಂಎಸ್. ಕಂಪನಿ ಎಷ್ಟೇ ಇಷ್ಟಪಟ್ಟರೂ ಈ ಪತ್ರ ಇಲ್ಲದವರನ್ನು ಆ ಕುರ್ಚಿಯಲ್ಲಿ ಕೂರಿಸುವಂತಿಲ್ಲ.

ಅದರ ಕೆಳಗಿನದು ಸೆಕೆಂಡ್ ಕ್ಲಾಸ್ ಮ್ಯಾನೇಜರ್ ಸರ್ಟಿಫಿಕೇಟ್. ಇದಿದ್ದವರು ಸಾಮಾನ್ಯವಾಗಿ ದೊಡ್ಡ ಗಣಿಗಳಲ್ಲಿ ಅಸಿಸ್ಟೆಂಟ್ ಮ್ಯಾನೇಜರ್ ಅಥವಾ ಅಂಡರ್ ಮ್ಯಾನೇಜರ್ ಆಗಿ ಪಾಳಿಯ ಹೊಣೆ ಹೊರುತ್ತಾರೆ.

ಅದರ ಕೆಳಗೆ ಓವರ್‌ಮನ್. ಗಣಿಯೊಳಗಿನ ಹಲವು ವಿಭಾಗಗಳ ಮೇಲ್ವಿಚಾರಕ.

ಅದರ ಕೆಳಗೆ ಮೈನಿಂಗ್ ಸರ್ದಾರ್. ಈ ಹೆಸರು ಕೇಳಿ ಪಗಡಿ ಕಟ್ಟಿದವರನ್ನು ನೆನೆಯಬೇಡಿ! ಗಣಿಯಲ್ಲಿ ಒಂದು ವಿಭಾಗದ ಜನರ ಜೀವಕ್ಕೆ ನೇರವಾಗಿ ಹೊಣೆಯಾಗುವವನೇ ಸರ್ದಾರ್. ಪಾಳಿಯ ಜನ ಒಳಗೆ ಬರುವ ಮೊದಲು ಅವನು ತನ್ನ ಜಾಗವನ್ನೆಲ್ಲ ಸುತ್ತಿ ನೋಡಬೇಕು. ಮೇಲ್ಛಾವಣಿಯನ್ನು ತಟ್ಟಿ ಸದ್ದು ಕೇಳಬೇಕು. ಗಟ್ಟಿ ಸದ್ದು ಬಂದರೆ ಸರಿ, ಟೊಳ್ಳು ಸದ್ದು ಬಂದರೆ ಕಲ್ಲು ಬಿಟ್ಟುಕೊಂಡಿದೆ ಎಂದರ್ಥ. ಆಸರೆಗಳು ಗಟ್ಟಿಯಾಗಿವೆಯೇ, ಗಾಳಿ ಸರಿಯಾಗಿ ಹರಿಯುತ್ತಿದೆಯೇ, ಮೀಥೇನ್ ಸೇರಿಕೊಂಡಿದೆಯೇ ಎಂದು ಪರೀಕ್ಷಿಸಬೇಕು. ಗಾಳಿಯಲ್ಲಿ ಮೀಥೇನ್ ಶೇಕಡಾ 5ರಿಂದ 15ರ ನಡುವೆ ಇದ್ದರೆ ಒಂದು ಕಿಡಿ ಸಾಕು, ಸ್ಫೋಟ. ಅಷ್ಟರವರೆಗೆ ಕಾಯುವಂತೆಯೂ ಇಲ್ಲ. ಶೇಕಡಾ 1.25 ಮುಟ್ಟಿತೆಂದರೆ ವಿದ್ಯುತ್ ನಿಲ್ಲಿಸಿ ಜನರನ್ನು ಹೊರಗೆ ಕಳಿಸಬೇಕು.

ಸರ್ದಾರ್ ಆಗಲು ಹತ್ತನೇ ತರಗತಿ, ಗಣಿಯಲ್ಲಿ ಕೆಲವು ವರ್ಷಗಳ ಅನುಭವ, ಪ್ರಥಮ ಚಿಕಿತ್ಸೆಯ ಪ್ರಮಾಣಪತ್ರ, ಅನಿಲ ಪರೀಕ್ಷೆಯ ಪ್ರಮಾಣಪತ್ರ, ಆಮೇಲೆ ಡಿಜಿಎಂಎಸ್ ಪರೀಕ್ಷೆ ಬೇಕು. ಕಟ್ಟಕಡೆಯ ಮೆಟ್ಟಿಲು ಗಣಿ ಕೂಲಿಯದು. ಅದಕ್ಕೂ ವೈದ್ಯಕೀಯ ಪರೀಕ್ಷೆ, ಎದೆಯ ಎಕ್ಸ್-ರೇ, ತರಬೇತಿ ಕೇಂದ್ರದ ಕಲಿಕೆ ಕಡ್ಡಾಯ.

ಎಣಿಸಿ ನೋಡಿ. ಹುಡುಗನಿಗೂ ಕುರ್ಚಿಗೂ ನಡುವೆ ಈಗ ಇರುವುದು ಐದು ಮೆಟ್ಟಿಲು. ಒಂದೊಂದಕ್ಕೂ ಹೆಸರಿದೆ, ಬೇಕಾದ ಪತ್ರದ ಪಟ್ಟಿಯಿದೆ. "ದೊಡ್ಡ ಮನುಷ್ಯ ಆಗಬೇಕು" ಎಂಬ ಆಸೆ ಹೋಗಿ "ಬರುವ ವರ್ಷ ಪ್ರಥಮ ಚಿಕಿತ್ಸೆಯ ಪರೀಕ್ಷೆ ಬರೆಯಬೇಕು" ಎಂಬ ಕೆಲಸ ಬಂತು. ಯೋಜನೆ ಎಂದರೆ ಇಷ್ಟೇ.

ದಾರಿ ಮೂರು, ಗುಡ್ಡ ಒಂದು

ಮೇಲೆ ಹೋಗಲು ಮೂರು ದಾರಿಗಳಿವೆ. ಕೂಲಿಯಿಂದ ಒಂದೊಂದೇ ಮೆಟ್ಟಿಲು ಹತ್ತುವುದು ಮೊದಲನೆಯದು, ಬಹಳ ಉದ್ದದ್ದು. ಮೈನಿಂಗ್ ಡಿಪ್ಲೊಮಾ ಮಾಡಿ, ಒಂದು ವರ್ಷ ಭತ್ಯೆ ಸಹಿತ ಗಣಿ ತರಬೇತಿ ಮುಗಿಸಿ, ಸರ್ದಾರ್ ಅಥವಾ ಓವರ್‌ಮನ್ ಮಟ್ಟದಿಂದ ಶುರು ಮಾಡುವುದು ಎರಡನೆಯದು. ವೆಸ್ಟರ್ನ್ ಕೋಲ್‌ಫೀಲ್ಡ್ಸ್ 2021ರಲ್ಲಿ ನೂರಕ್ಕೂ ಹೆಚ್ಚು ಸರ್ದಾರ್ ಹುದ್ದೆಗಳಿಗೆ ಅರ್ಜಿ ಕರೆದಾಗ ಡಿಪ್ಲೊಮಾ ಜತೆ ಓವರ್‌ಮನ್ ಪತ್ರ ಇದ್ದವರೂ ಅರ್ಹರಾಗಿದ್ದರು. ಮೈನಿಂಗ್ ಇಂಜಿನಿಯರಿಂಗ್ ಪದವಿ ಮೂರನೆಯ ದಾರಿ. ನಾಗಪುರದ ವಿಶ್ವೇಶ್ವರಯ್ಯ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯಲ್ಲೂ (ಹೌದು, ನಮ್ಮ ಸರ್ ಎಂ.ವಿ. ಹೆಸರಿನದೇ!) ನಮ್ಮ ಸುರತ್ಕಲ್‌ನ ಎನ್‌ಐಟಿಕೆಯಲ್ಲೂ ಈ ವಿಭಾಗವಿದೆ. ಪದವೀಧರರನ್ನು ಇತ್ತೀಚಿನ ವರ್ಷಗಳಲ್ಲಿ ಕೋಲ್ ಇಂಡಿಯಾ ಗೇಟ್ ಪರೀಕ್ಷೆಯ ಅಂಕ ನೋಡಿ ಮ್ಯಾನೇಜ್‌ಮೆಂಟ್ ಟ್ರೈನಿಗಳಾಗಿ ತೆಗೆದುಕೊಂಡಿದೆ.

ಗಮನಿಸಬೇಕಾದ ಮಾತೊಂದಿದೆ. ಪದವೀಧರನಾದರೂ ಕುರ್ಚಿ ನೇರವಾಗಿ ಸಿಗುವುದಿಲ್ಲ. ಅವನಿಗೆ ಬೇಕಾದ ಅನುಭವದ ವರ್ಷಗಳು ಕಡಿಮೆ, ಕೆಲವು ಪತ್ರಿಕೆಗಳಿಂದ ವಿನಾಯಿತಿ ಇದೆ, ಆದರೆ ಅವನೂ ಗಣಿಯೊಳಗೆ ಇಳಿದು ದಿನ ಎಣಿಸಲೇಬೇಕು, ಫಸ್ಟ್ ಕ್ಲಾಸ್ ಪತ್ರ ಪಡೆಯಲೇಬೇಕು. ಓದು ಮೆಟ್ಟಿಲುಗಳನ್ನು ಕಡಿಮೆ ಮಾಡುತ್ತದೆ, ಏಣಿಯನ್ನೇ ತೆಗೆದುಹಾಕುವುದಿಲ್ಲ.

ಪ್ರತಿ ಮೆಟ್ಟಿಲೂ ಅನ್ನ ಕೊಡಬೇಕು

ಗಣಿಯ ಏಣಿಯ ಬಹಳ ದೊಡ್ಡ ಗುಣ ಯಾವುದು ಗೊತ್ತೇ? ಯಾವ ಮೆಟ್ಟಿಲಲ್ಲಿ ನಿಂತರೂ ಅದೊಂದು ಪೂರ್ತಿ ಕೆಲಸ. ಸಂಬಳ ಇದೆ, ಮರ್ಯಾದೆ ಇದೆ. ಮ್ಯಾನೇಜರ್ ಆಗಲು ಹೊರಟವನು ಓವರ್‌ಮನ್ ಹಂತದಲ್ಲೇ ನಿಂತುಬಿಟ್ಟನೆನ್ನಿ, ಅವನ ಮನೆ ಮುಳುಗುವುದಿಲ್ಲ. ಮಕ್ಕಳು ಶಾಲೆಗೆ ಹೋಗುತ್ತಾರೆ.

ನಮ್ಮಲ್ಲಿ ಎಷ್ಟೋ ಮಂದಿ ಕಟ್ಟುವ ಯೋಜನೆ ಇದಕ್ಕೆ ವಿರುದ್ಧ. ಐದಾರು ವರ್ಷ ಕೋಣೆಯಲ್ಲಿ ಕೂತು ಒಂದೇ ಪರೀಕ್ಷೆಗೆ ಓದುವುದು. ಸಿಕ್ಕಿದರೆ ಶಿಖರ, ಸಿಗದಿದ್ದರೆ ಇಪ್ಪತ್ತೆಂಟನೇ ವಯಸ್ಸಿಗೆ ಕೈಯಲ್ಲಿ ಏನೂ ಇಲ್ಲ. ಅಂಥ ಪರೀಕ್ಷೆ ಬರೆಯಬೇಡಿ ಎನ್ನುತ್ತಿಲ್ಲ. ಬರೆಯಿರಿ, ಆದರೆ ಕಾಲಿನ ಕೆಳಗೆ ಒಂದು ಹಲಗೆ ಇರಲಿ.

ಈ ಬುದ್ಧಿ ಕನ್ನಡಿಗರಿಗೆ ಹೊಸದೂ ಅಲ್ಲ. ಕರಾವಳಿಯಿಂದ ಮುಂಬಯಿಗೆ ಬಂದ ಹುಡುಗರು ಹಗಲು ಹೋಟೆಲುಗಳಲ್ಲಿ, ಕ್ಯಾಂಟೀನುಗಳಲ್ಲಿ ದುಡಿದು, ರಾತ್ರಿ ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿ ಮೇಲೆ ಬಂದ ಕಥೆ ನಿಮ್ಮಲ್ಲಿ ಅನೇಕರ ಮನೆಯದೇ ಇರಬಹುದು. ಹಗಲಿನ ದುಡಿಮೆ ಊಟ ಕೊಟ್ಟಿತು, ರಾತ್ರಿಯ ಓದು ಮೆಟ್ಟಿಲು ಕೊಟ್ಟಿತು.

ಪತ್ರ ಯಾರ ಹೆಸರಿನಲ್ಲಿದೆ?

ಈಗ ನಮ್ಮ ಕೋಲಾರಕ್ಕೆ ಬರೋಣ. ಕೋಲಾರ ಚಿನ್ನದ ಗಣಿಯಲ್ಲಿ ಜಾನ್ ಟೇಲರ್ ಕಂಪನಿ 1880ರಲ್ಲಿ ಕೆಲಸ ಶುರು ಮಾಡಿತು. ಶಿವನಸಮುದ್ರದ ವಿದ್ಯುತ್ ಅಲ್ಲಿಗೆ 1902ರಲ್ಲೇ ಹರಿಯಿತು. ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದು ಜಗತ್ತಿನ ಆಳದ ಗಣಿಗಳ ಸಾಲಿಗೆ ಸೇರಿತು. ತಾತ, ತಂದೆ, ಮಗ ಒಂದೇ ಗಣಿಯಲ್ಲಿ ದುಡಿದ ಮನೆಗಳಿದ್ದವು. ಅಲ್ಲಿ ಹುಟ್ಟಿದ ಹುಡುಗನಿಗೆ ಕೆಲಸದ ಯೋಜನೆಯೇ ಬೇಕಿರಲಿಲ್ಲ. ಗಣಿ ಇತ್ತಲ್ಲ!

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಅದಿರಿನಲ್ಲಿ ಚಿನ್ನ ಕಡಿಮೆಯಾಗಿ, ತೆಗೆಯುವ ಖರ್ಚು ಸಿಗುವ ಬೆಲೆಯನ್ನು ಮೀರಿತ್ತು. ಒಳ್ಳೆಯ ಕೆಲಸಗಾರರಾಗಿದ್ದುದರಿಂದ ಯಾರ ಕೆಲಸವೂ ಉಳಿಯಲಿಲ್ಲ. ಆ ಊರಿನ ಜನ ನಸುಕಿನಲ್ಲಿ ರೈಲು ಹತ್ತಿ ಬೆಂಗಳೂರಿಗೆ ಬಂದು, ರಾತ್ರಿ ಮನೆ ಸೇರುವುದನ್ನು ಬೆಂಗಳೂರಿನ ಕೇಳುಗರು ಕಣ್ಣಾರೆ ನೋಡಿದ್ದೀರಿ.

ಇಲ್ಲಿ ಎರಡು ಪಾಠಗಳಿವೆ. ಒಂದು, ಏಣಿ ಒರಗಿಸಿದ ಗೋಡೆ ಎಷ್ಟು ವರ್ಷ ನಿಲ್ಲುತ್ತದೆ ಎಂದು ಮೊದಲೇ ನೋಡಬೇಕು. ಇಂದು 20 ವರ್ಷದವರು ನಿವೃತ್ತಿಗೆ ಇನ್ನು 40 ವರ್ಷ ದುಡಿಯಬೇಕು. ದೇಶದ ಕಲ್ಲಿದ್ದಲು ಉತ್ಪಾದನೆ 2024–25ರಲ್ಲಿ 100 ಕೋಟಿ ಟನ್ ದಾಟಿದ್ದು ನಿಜ. ಹಾಗೆಯೇ ಇಂಗಾಲದ ಹೊರಸೂಸುವಿಕೆಯನ್ನು 2070ರ ಹೊತ್ತಿಗೆ ನಿವ್ವಳ ಸೊನ್ನೆಗೆ ತರುತ್ತೇವೆ ಎಂದು 2021ರಲ್ಲಿ ದೇಶ ಜಗತ್ತಿಗೆ ಮಾತು ಕೊಟ್ಟಿದ್ದೂ ನಿಜ. ಈ ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡೇ ಲೆಕ್ಕ ಹಾಕಬೇಕು.

ಎರಡು, ಕಂಪನಿ ಕೊಟ್ಟ ಹುದ್ದೆ ಕಂಪನಿಯ ಜತೆ ಹೋಗುತ್ತದೆ, ನಿಮ್ಮ ಹೆಸರಿನ ಪತ್ರ ನಿಮ್ಮ ಜತೆ ಬರುತ್ತದೆ. ಸಾವನೇರಿನ ಸರ್ದಾರನ ಪ್ರಮಾಣಪತ್ರ ಜಾರ್ಖಂಡ್‌ನಲ್ಲೂ ತೆಲಂಗಾಣದಲ್ಲೂ ನಡೆಯುತ್ತದೆ. ಆದರೆ ಎಲ್ಲ ಪತ್ರಗಳೂ ಒಂದೇ ದೂರ ಹೋಗುವುದಿಲ್ಲ. ಗಣಿ ಪತ್ರಗಳಲ್ಲಿ ತೆರೆದ ಗಣಿಗೆ ಮಾತ್ರ ಸೀಮಿತವಾದವು ಬೇರೆ, ಭೂಗತ ಗಣಿಗೂ ನಡೆಯುವವು ಬೇರೆ. ಹಾಗೆಯೇ ಕಲ್ಲಿದ್ದಲಿನ ಏಣಿ ಬೇರೆ, ಲೋಹದ ಗಣಿಯ ಏಣಿ ಬೇರೆ. ಕಲ್ಲಿದ್ದಲಲ್ಲಿ ಸರ್ದಾರ್, ಓವರ್‌ಮನ್ ಇದ್ದರೆ, ರಾಯಚೂರು ಜಿಲ್ಲೆಯ ಹಟ್ಟಿ ಚಿನ್ನದ ಗಣಿಯಲ್ಲಿ ಮೇಟ್, ಫೋರ್‌ಮನ್. ಮೊದಲ ಅರ್ಜಿ ತುಂಬುವಾಗ ಇದು ಗೊತ್ತಿಲ್ಲದೆ ಸುಲಭದ ಪತ್ರ ತೆಗೆದುಕೊಂಡವರು ಎಷ್ಟೋ ವರ್ಷ ಆದ ಮೇಲೆ ಗೋಡೆಗೆ ತಲೆ ಹೊಡೆದುಕೊಳ್ಳಬೇಕಾಗುತ್ತದೆ.

ಪತ್ರಕ್ಕಿಂತ ದೂರ ಹೋಗುವುದು ವಿದ್ಯೆ. ಕಲ್ಲು ಎಲ್ಲಿ ನಿಲ್ಲುತ್ತದೆ, ಎಲ್ಲಿ ಕುಸಿಯುತ್ತದೆ ಎಂದು ಬಲ್ಲವರು ಗಣಿಗಷ್ಟೇ ಬೇಕಾದವರಲ್ಲ. ಕೆಜಿಎಫ್‌ನಲ್ಲಿ 1988ರಲ್ಲಿ ಶುರುವಾದ ರಾಷ್ಟ್ರೀಯ ಶಿಲಾ ಯಂತ್ರವಿಜ್ಞಾನ ಸಂಸ್ಥೆ ಆ ಗಣಿ ಮುಚ್ಚಿದ ಮೇಲೂ ಬದುಕಿತು, ಅಣೆಕಟ್ಟು, ಸುರಂಗಗಳಿಗೆಲ್ಲ ತನ್ನ ವಿದ್ಯೆ ಕೊಡುತ್ತಿದೆ. ನೀವು ದಿನಾ ಓಡಾಡುವ ಮೆಟ್ರೋ ರೈಲಿನ ಸುರಂಗ ಕೊರೆಯುವಾಗಲೂ ಬೇಕಾಗುವುದು ಕಲ್ಲಿನ ಇದೇ ವಿದ್ಯೆ.

ಮುಚ್ಚಿದ್ದ ಬಾಗಿಲು

ಹೆಣ್ಣುಮಕ್ಕಳ ತಂದೆ-ತಾಯಂದಿರು ಈ ಭಾಗ ಗಮನವಿಟ್ಟು ಓದಿ. ಮೇಲೆ ನಾವು "ಹುಡುಗ" ಎಂದೇ ಬರೆದೆವಲ್ಲ, ಅದಕ್ಕೆ ಕಾರಣವಿದೆ. 1952ರ ಗಣಿ ಕಾಯ್ದೆ ಹೆಂಗಸರು ನೆಲದಡಿಯ ಗಣಿಯಲ್ಲಿ ದುಡಿಯುವುದನ್ನು ನಿಷೇಧಿಸಿತ್ತು. ಮೈನಿಂಗ್ ಓದಬೇಕೆಂದ ಹುಡುಗಿಗೆ ಎಷ್ಟೇ ಅಂಕ ಬರಲಿ, ಭೂಗತ ಗಣಿಯ ಅನುಭವ ಪಡೆಯುವ ದಾರಿಯೇ ಇರಲಿಲ್ಲ. ಅನುಭವ ಇಲ್ಲವೆಂದರೆ ಪತ್ರ ಇಲ್ಲ, ಪತ್ರ ಇಲ್ಲವೆಂದರೆ ಕುರ್ಚಿ ಇಲ್ಲ.

2019ರಲ್ಲಿ ಕೇಂದ್ರ ಸರ್ಕಾರ ನಿಯಮ ಸಡಿಲಿಸಿತು. ತಾಂತ್ರಿಕ, ಮೇಲ್ವಿಚಾರಣೆ ಮತ್ತು ಆಡಳಿತದ ಕೆಲಸಗಳಿಗೆ ಹೆಂಗಸರು ಬೆಳಿಗ್ಗೆ 6ರಿಂದ ಸಂಜೆ 7ರವರೆಗೆ ಭೂಗತ ಗಣಿಗೆ ಇಳಿಯಬಹುದು ಎಂದಾಯಿತು. 2021ರಲ್ಲಿ ಆಕಾಂಕ್ಷಾ ಕುಮಾರಿ ಎಂಬ ಮೈನಿಂಗ್ ಇಂಜಿನಿಯರ್ ಜಾರ್ಖಂಡ್‌ನ ಚೂರಿ ಭೂಗತ ಗಣಿಯಲ್ಲಿ ಕೆಲಸಕ್ಕೆ ಸೇರಿದರು. ಸೆಂಟ್ರಲ್ ಕೋಲ್‌ಫೀಲ್ಡ್ಸ್ ಸಂಸ್ಥೆಯಲ್ಲಿ ಹಾಗೆ ಭೂಗತ ಗಣಿಗೆ ಇಳಿದ ಮೊದಲ ಮಹಿಳಾ ಇಂಜಿನಿಯರ್ ಅವರು. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು, ಹಳೆಯ ಗಣಿ ಕಾಯ್ದೆ ಅದರೊಳಗೆ ಸೇರಿತು. ಈಗ ಹೆಂಗಸರ ಒಪ್ಪಿಗೆ ಮತ್ತು ಸುರಕ್ಷತೆಯ ಷರತ್ತಿನ ಮೇಲೆ ಎಲ್ಲ ಬಗೆಯ ಕೆಲಸಗಳ ಬಾಗಿಲೂ ತೆರೆದಿದೆ.

ಆಕಾಂಕ್ಷಾ ಅವರನ್ನು ನೋಡಿ. ಬಾಗಿಲು ತೆರೆದ ಹೊತ್ತಿಗೆ ಅವರ ಕೈಯಲ್ಲಿ ಸಿಂದ್ರಿಯ ಬಿಐಟಿಯ ಮೈನಿಂಗ್ ಪದವಿ ಇತ್ತು. ಬಾಗಿಲು ತೆರೆದ ಮೇಲೆ ಓದೋಣ ಎಂದು ಕೂತಿದ್ದರೆ? ದೀರ್ಘ ಯೋಜನೆ ಎಂದರೆ ಇಂದಿನ ನಿಯಮಕ್ಕೆ ಮಾತ್ರ ಸಿದ್ಧವಾಗುವುದಲ್ಲ. ನಿಯಮಗಳು ಬದಲಾಗುತ್ತವೆ, ವಯಸ್ಸಿನ ಮಿತಿ ಬದಲಾಗುತ್ತದೆ, ಪರೀಕ್ಷೆಯ ಕ್ರಮ ಬದಲಾಗುತ್ತದೆ. ವರ್ಷಕ್ಕೊಮ್ಮೆಯಾದರೂ ನಿಮ್ಮ ಯೋಜನೆಯ ಹಾಳೆ ತೆಗೆದು, ನಿಯಮ ಮಾಡುವವರ ಜಾಲತಾಣದಲ್ಲಿ ತಾಳೆ ನೋಡಿ.

ಇಷ್ಟು ಮೆಟ್ಟಿಲು ಯಾಕೆ?

"ಇಷ್ಟೊಂದು ವರ್ಷ ಕಾಯಬೇಕೇ?" ಎಂದು ನಿಮಗೆ ಅನಿಸಿರಬಹುದು. 1975ರ ಡಿಸೆಂಬರ್ 27ರಂದು ಧನಬಾದ್ ಬಳಿಯ ಚಾಸ್‌ನಾಲಾ ಗಣಿಗೆ ನೀರು ನುಗ್ಗಿ 370ಕ್ಕೂ ಹೆಚ್ಚು ಜನ ಸತ್ತರು. ನೆಲದಡಿಯಲ್ಲಿ ಒಂದು ತಪ್ಪು ನಿರ್ಧಾರದ ಬೆಲೆ ಅಷ್ಟು.

ಇನ್ನೊಂದು ಘಟನೆಯೂ ಇದೆ. 1989ರ ನವೆಂಬರಿನಲ್ಲಿ ಬಂಗಾಳದ ರಾಣಿಗಂಜ್‌ನ ಮಹಾಬೀರ್ ಗಣಿಗೆ ನೀರು ನುಗ್ಗಿ 65 ಜನ ಒಳಗೆ ಸಿಕ್ಕಿಬಿದ್ದರು. ಜಸ್ವಂತ್ ಸಿಂಗ್ ಗಿಲ್ ಎಂಬ ಗಣಿ ಇಂಜಿನಿಯರ್ ಮೇಲಿನಿಂದ ರಂಧ್ರ ಕೊರೆಸಿ, ಒಬ್ಬ ಮನುಷ್ಯ ಮಾತ್ರ ನಿಲ್ಲಬಹುದಾದ ಉಕ್ಕಿನ ಕೊಳವೆಯಂಥ ತೊಟ್ಟಿ ಮಾಡಿಸಿ, ತಾವೇ ಕೆಳಗಿಳಿದರು. 65 ಜನರನ್ನೂ ಒಬ್ಬೊಬ್ಬರಾಗಿ ಮೇಲೆ ಕಳಿಸಿದರು. ಆ ರಾತ್ರಿ ಬೇಕಾದ ಧೈರ್ಯ, ಲೆಕ್ಕ, ನೆಲದ ತಿಳಿವಳಿಕೆ ಯಾವ ಸಂದರ್ಶನದಲ್ಲೂ ಒಂದೇ ದಿನಕ್ಕೆ ಬರುವಂಥದ್ದಲ್ಲ. ಹಿಂದಿನ ಮೆಟ್ಟಿಲುಗಳಲ್ಲಿ ಕಳೆದ ವರ್ಷಗಳೇ ಅದನ್ನು ಕೊಟ್ಟಿದ್ದು.

ನಿಮ್ಮ ಕನಸು ಗಣಿಯದಲ್ಲದೆ ಇರಬಹುದು. ಆದರೂ ದೊಡ್ಡ ಕುರ್ಚಿಯಲ್ಲಿ ಕೂತ ದಿನ ಯಾರೋ ನಿಮ್ಮನ್ನು ನಂಬಿ ಕೆಳಗೆ ಇಳಿದಿರುತ್ತಾರೆ. ಕಲಿಯುವ ವರ್ಷಗಳನ್ನು ಕಳೆದುಹೋದ ವರ್ಷಗಳು ಎಂದು ಎಣಿಸಬೇಡಿ.

ಈ ರಾತ್ರಿ ಒಂದು ಹಾಳೆ ತೆಗೆದುಕೊಳ್ಳಿ

ರೇಡಿಯೋ ಹಾಕಿಕೊಂಡೇ ಮಾಡಬಹುದಾದ ಕೆಲಸ ಇದು. ಹಾಳೆಯ ಮೇಲ್ತುದಿಯಲ್ಲಿ ನಿಮ್ಮ ಕನಸಿನ ಕೆಲಸದ ಹೆಸರು ಬರೆಯಿರಿ. ಕೆಳತುದಿಯಲ್ಲಿ ಇಂದು ನೀವು ಎಲ್ಲಿದ್ದೀರೋ ಅದನ್ನು ಬರೆಯಿರಿ. ನಡುವೆ ಈ ಐದು ಪ್ರಶ್ನೆಗಳಿಗೆ ಉತ್ತರ ತುಂಬಿ:

1. ಆ ಕುರ್ಚಿಯಲ್ಲಿ ಈಗ ಕೂತಿರುವವರು ಅದಕ್ಕೆ ಹಿಂದೆ ಯಾವ ಕೆಲಸದಲ್ಲಿದ್ದರು? ಅದಕ್ಕೂ ಹಿಂದೆ? ಸಾಧ್ಯವಾದರೆ ಅಂಥ ಇಬ್ಬರನ್ನು ಕಂಡು ಕೇಳಿ.

2. ಪ್ರತಿ ಮೆಟ್ಟಿಲಿಗೂ ಯಾವ ಪತ್ರ ಬೇಕು, ಎಷ್ಟು ವರ್ಷದ ಅನುಭವ ಬೇಕು, ಕೊಡುವವರು ಯಾರು?

3. ಹಣ ಕಟ್ಟುವ ಮೊದಲೇ ತಿಳಿಯಬಹುದಾದ ತಡೆ ಏನಾದರೂ ಇದೆಯೇ? ಉದಾಹರಣೆಗೆ, ಕಮರ್ಷಿಯಲ್ ಪೈಲಟ್ ಲೈಸೆನ್ಸ್‌ಗೆ 200 ಗಂಟೆಗಳ ಹಾರಾಟ ಬೇಕು, ಅದಕ್ಕೆ ಲಕ್ಷಗಟ್ಟಲೆ ಖರ್ಚು. ವೈದ್ಯಕೀಯ ಪರೀಕ್ಷೆಯಲ್ಲಿ ಫೇಲಾದರೆ ಅದೆಲ್ಲ ನೀರುಪಾಲು. ಆದ್ದರಿಂದ ಮೊದಲು ವೈದ್ಯಕೀಯ ಪರೀಕ್ಷೆ, ಆಮೇಲೆ ಸಾಲ.

4. ಯಾವ ಮೆಟ್ಟಿಲಲ್ಲಿ ನಿಂತರೂ ಮನೆ ನಡೆಯುತ್ತದೆಯೇ? ನಡೆಯದ ಮೆಟ್ಟಿಲು ಇದ್ದರೆ, ಆ ವರ್ಷಗಳಿಗೆ ಹಣ ಎಲ್ಲಿಂದ?

5. ಗಣಿ ಮುಚ್ಚಿದರೆ? ಅಂದರೆ, ಆ ಉದ್ಯಮವೇ ಮಂಕಾದರೆ ನನ್ನ ಕೈಯಲ್ಲಿ ಉಳಿಯುವ ವಿದ್ಯೆ ಯಾವುದು?

ಮೈಕ್ ಮುಂದೆ ಕೂರಬೇಕೆನ್ನುವ ಗೆಳೆಯರಿಗೂ ಇದೇ ಹಾಳೆ. ಧ್ವನಿ ಪರೀಕ್ಷೆ ಒಂದು ಮೆಟ್ಟಿಲು. ಅದಕ್ಕೆ ಮೊದಲು ದಿನಾ ಪತ್ರಿಕೆಯನ್ನು ಗಟ್ಟಿಯಾಗಿ ಓದುವುದು, ಕನ್ನಡದ ಅ-ಹ, ಶ-ಷ ತಿದ್ದಿಕೊಳ್ಳುವುದು ಇನ್ನೊಂದು. ವಾರಾಂತ್ಯದ ತಾತ್ಕಾಲಿಕ ಕೆಲಸ ಮಗದೊಂದು. ಈಗಿರುವ ಕೆಲಸ ಬಿಟ್ಟು ಓಡಿಬರಬೇಡಿ. ಹಲಗೆ ಕಾಲಿನ ಕೆಳಗಿರಲಿ!

ಹಾಳೆ ತುಂಬಿದಾಗ ಇಬ್ಬರು ಕಾಣುತ್ತಾರೆ. ಒಬ್ಬರಿಗೆ ಮೆಟ್ಟಿಲು ಅಂದುಕೊಂಡದ್ದಕ್ಕಿಂತ ಹೆಚ್ಚಿರುತ್ತವೆ, ಆದರೆ ಒಂದೊಂದೂ ಹತ್ತುವಂಥದ್ದಾಗಿರುತ್ತದೆ. ಇನ್ನೊಬ್ಬರಿಗೆ ಆ ಕುರ್ಚಿ ತಮ್ಮದಲ್ಲ ಎಂದು ಅರ್ಥವಾಗುತ್ತದೆ. ಅದೂ ಲಾಭವೇ. ಹದಿನೆಂಟರಲ್ಲಿ ತಿಳಿದರೆ ಬೇರೆ ಗುಡ್ಡ ನೋಡಬಹುದು, ಮೂವತ್ತೆಂಟರಲ್ಲಿ ತಿಳಿದರೆ ಕಷ್ಟ.

ಸಾವನೇರಿನಲ್ಲಿ ಸರ್ದಾರ್ ಮೊದಲು ಛಾವಣಿ ತಟ್ಟಿ ನೋಡುತ್ತಾನೆ, ಆಮೇಲೆ ಜನರನ್ನು ಒಳಗೆ ಬಿಡುತ್ತಾನೆ. ನಿಮ್ಮ ಯೋಜನೆಯನ್ನೂ ಹಾಗೇ ತಟ್ಟಿ ನೋಡಿ. ಗಟ್ಟಿ ಸದ್ದು ಬಂದರೆ ಧೈರ್ಯವಾಗಿ ಹೆಜ್ಜೆ ಇಡಿ.

ನಿಮ್ಮ ಹಾಳೆಯಲ್ಲಿ ಎಷ್ಟು ಮೆಟ್ಟಿಲು ಬಂದವು? ನಮಗೂ ಬರೆದು ತಿಳಿಸಿ. ಮುಂದಿನ ಸಂಚಿಕೆಯಲ್ಲಿ ಮತ್ತೆ ಸಿಗೋಣ. ಅಲ್ಲಿಯವರೆಗೆ ಕೇಳುತ್ತಾ ಇರಿ, ಏರುತ್ತಾ ಇರಿ.